ಪೈಥಾನ್ ಪ್ರೋಗ್ರಾಂನಲ್ಲಿ ಬಳಕೆದಾರರ ತಪ್ಪು ಇನ್‌ಪುಟ್ ನಿಭಾಯಿಸುವ ಬಗೆ

ಪೈಥಾನ್ ಕಲಿಯಲು ತೊಡಗಿದವರು ಮೊದಮೊದಲು ಬರೆಯುವ ಪ್ರೋಗ್ರಾಂಗಳಲ್ಲಿ ಹೆಚ್ಚಿನವು ಒಂದೇ ಸ್ವರೂಪದವು: ಬಳಕೆದಾರರಿಗೆ ಒಂದು ಪ್ರಶ್ನೆ ಕೇಳುವುದು, ಬಂದ ಉತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು, ಫಲಿತಾಂಶವನ್ನು ತೆರೆಯ ಮೇಲೆ ತೋರಿಸುವುದು. ಕೆಲವು ವಿಷಯಗಳ ಅಂಕಗಳನ್ನು ಕೇಳಿ ಸರಾಸರಿ ಹೇಳುವ ಪ್ರೋಗ್ರಾಂ ಒಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅದನ್ನು ಬರೆದವರೇ ಓಡಿಸಿ ನೋಡುವಾಗ 85, 90 ಎಂದು ಸರಿಯಾಗಿಯೇ ಕೊಡುವುದರಿಂದ ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆ. ಬೇರೊಬ್ಬರು ಅದೇ ಪ್ರಶ್ನೆಗೆ ‘ಎಂಬತ್ತೈದು’ ಎಂದು ಅಕ್ಷರಗಳಲ್ಲಿ ಬರೆದರೆ, ಅಥವಾ ಏನನ್ನೂ ಬರೆಯದೆ ಎಂಟರ್ ಒತ್ತಿದರೆ, ಪ್ರೋಗ್ರಾಂ ಅಲ್ಲಿಯೇ ನಿಂತುಹೋಗುತ್ತದೆ. ಕಲಿಯುವವರು ಹೆದರುವುದು ಇದಕ್ಕೇ. ಆದರೆ ನಿಂತುಹೋದ ಪ್ರೋಗ್ರಾಂ ಏನೋ ತಪ್ಪಾಗಿದೆ ಎಂದಾದರೂ ತಿಳಿಸುತ್ತದೆ. 85ರ ಬದಲು ಕೈತಪ್ಪಿ 850 ಎಂದು ಒತ್ತಿದಾಗ ಚಕಾರವೆತ್ತದೆ ಅದನ್ನು ಸ್ವೀಕರಿಸಿ, ತಪ್ಪು ಸರಾಸರಿಯನ್ನು ಅಚ್ಚುಕಟ್ಟಾಗಿ ಮುದ್ರಿಸುವ ಪ್ರೋಗ್ರಾಂ ಅದಕ್ಕಿಂತ ಹೆಚ್ಚು ಅಪಾಯಕಾರಿ. ಈ ಬರಹದಲ್ಲಿ ಎರಡೂ ಬಗೆಯ ತಪ್ಪುಗಳ ವಿಚಾರವಿದೆ. ಸದ್ದಿಲ್ಲದೆ ಒಳಗೆ ಬರುವ ಎರಡನೆಯ ಬಗೆಗೆ ಹೆಚ್ಚು ಜಾಗ ಕೊಟ್ಟಿದೆ.

ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಇನ್‌ಪುಟ್ ಫಂಕ್ಷನ್ ಯಾವಾಗಲೂ ಸ್ಟ್ರಿಂಗ್ ಅನ್ನೇ ಹಿಂದಿರುಗಿಸುತ್ತದೆ. ಬಳಕೆದಾರರು 85 ಎಂದು ಒತ್ತಿದರೂ ಪ್ರೋಗ್ರಾಂಗೆ ಸಿಗುವುದು ಎಂಟು ಮತ್ತು ಐದು ಎಂಬ ಎರಡು ಅಕ್ಷರಗಳ ಒಂದು ಸರಣಿ ಮಾತ್ರ. ಅಂತಹ ‘85’ ಮತ್ತು ‘90’ ಅನ್ನು ಕೂಡಿದರೆ ‘8590’ ಬರುತ್ತದೆ. ‘85’ ಅನ್ನು 2ರಿಂದ ಗುಣಿಸಿದರೆ ‘8585’ ಬರುತ್ತದೆ. ಹೋಲಿಕೆಯು ಅಕ್ಷರಕ್ಕೆ ಅಕ್ಷರ ನಡೆಯುವುದರಿಂದ ‘9’ ಎಂಬುದು ‘85’ಕ್ಕಿಂತ ದೊಡ್ಡದೆಂಬ ತೀರ್ಮಾನವಾಗುತ್ತದೆ. ಈ ಮೂರರಲ್ಲಿ ಯಾವುದಕ್ಕೂ ಎರರ್ ಬರುವುದಿಲ್ಲ. ಗುಟ್ಟಾದ ಸಂಖ್ಯೆಯನ್ನು ಊಹಿಸುವ ಆಟ ಬರೆದವರು ಎಷ್ಟು ಸಲ ಸರಿಯಾದ ಸಂಖ್ಯೆ ಕೊಟ್ಟರೂ ‘ತಪ್ಪು’ ಎಂಬ ಉತ್ತರವನ್ನೇ ಕಂಡು ತಲೆಕೆಡಿಸಿಕೊಳ್ಳುವುದಕ್ಕೂ ಇದೇ ಕಾರಣ: ‘7’ ಎಂಬ ಸ್ಟ್ರಿಂಗ್ 7 ಎಂಬ ಸಂಖ್ಯೆಗೆ ಎಂದೂ ಸಮವಾಗದು. ಪೈಥಾನ್ 2ರಲ್ಲಿ ಇನ್‌ಪುಟ್ ಫಂಕ್ಷನ್ ಬಳಕೆದಾರರು ಬರೆದದ್ದನ್ನು ಪೈಥಾನ್ ಕೋಡ್ ಎಂದೇ ತಿಳಿದು ನಡೆಸಿಬಿಡುತ್ತಿತ್ತು. 2008ರ ಕೊನೆಯಲ್ಲಿ ಬಂದ ಪೈಥಾನ್ 3 ಆ ಅಪಾಯಕಾರಿ ನಡವಳಿಕೆಯನ್ನು ಕೈಬಿಟ್ಟಿತು. ಹಳೆಯ ಉದಾಹರಣೆಗಳನ್ನು ನೋಡಿ, ಸ್ಟ್ರಿಂಗ್ ಅನ್ನು ಕೋಡ್ ಎಂದು ನಡೆಸುವ ಈವ್ಯಾಲ್ ಫಂಕ್ಷನ್‌ನಿಂದ ಸಂಖ್ಯೆ ಪಡೆಯಲು ಹೋಗುವುದು ಅದೇ ಅಪಾಯವನ್ನು ಮತ್ತೆ ಕರೆತಂದಂತೆ. ಬಳಕೆದಾರರ ಉತ್ತರದ ಮೇಲೆ ಅದನ್ನು ಎಂದಿಗೂ ಬಳಸಬಾರದು.

ಸ್ಟ್ರಿಂಗ್ ಅನ್ನು ಪೂರ್ಣಾಂಕವಾಗಿಸುವ ಕೆಲಸ ಇಂಟ್ ಎಂಬುದರದು. ಅದು ಯಾವುದನ್ನು ಒಪ್ಪುತ್ತದೆ, ಯಾವುದನ್ನು ಒಪ್ಪುವುದಿಲ್ಲ ಎಂಬುದನ್ನು ಒಮ್ಮೆ ಕುಳಿತು ಪರೀಕ್ಷಿಸಿದರೆ ಮುಂದಿನ ಅನೇಕ ಗೊಂದಲಗಳು ತಪ್ಪುತ್ತವೆ. ಹಿಂದೆ ಮುಂದೆ ಖಾಲಿ ಜಾಗವಿದ್ದರೂ ಅದು ಲೆಕ್ಕಿಸುವುದಿಲ್ಲ, ಕೂಡು ಚಿಹ್ನೆ, ಕಳೆ ಚಿಹ್ನೆಗಳನ್ನು ಒಪ್ಪುತ್ತದೆ, ‘007’ ಅನ್ನು 7 ಎಂದು ಓದುತ್ತದೆ, ಪೈಥಾನ್ 3.6ರಿಂದ ಈಚೆಗೆ ‘1_000’ ಎಂದು ಅಂಕಿಗಳ ನಡುವೆ ಅಡಿಗೆರೆ ಇದ್ದರೂ 1000 ಎಂದೇ ತಿಳಿಯುತ್ತದೆ. ಕನ್ನಡ ಅಂಕಿಗಳಲ್ಲಿ ‘೮೫’ ಎಂದು ಬರೆದರೂ ಇಂಟ್ ಅದನ್ನು 85 ಎಂದು ಸರಿಯಾಗಿ ಓದುತ್ತದೆ. ಯೂನಿಕೋಡ್‌ನಲ್ಲಿ ದಶಮಾಂಶ ಅಂಕಿಗಳೆಂದು ಗುರುತಿಸಲಾದ ಎಲ್ಲ ಲಿಪಿಗಳಿಗೂ ಈ ಸೌಲಭ್ಯ ಇದೆ ಎಂಬುದು ಕಲಿಸುವವರಲ್ಲೂ ಅನೇಕರಿಗೆ ತಿಳಿದಿರುವುದಿಲ್ಲ. ಇನ್ನೊಂದೆಡೆ, ಅಲ್ಪವಿರಾಮವಿರುವ ‘1,000’, ಚುಕ್ಕಿಯಿರುವ ‘84.5’, ಖಾಲಿ ಸ್ಟ್ರಿಂಗ್ ಇವೆಲ್ಲಕ್ಕೂ ಇಂಟ್ ಕೊಡುವ ಉತ್ತರ ವ್ಯಾಲ್ಯೂಎರರ್. ಹೊಸ ಆವೃತ್ತಿಗಳಲ್ಲಿ 4300ಕ್ಕಿಂತ ಹೆಚ್ಚು ಅಂಕಿಗಳಿರುವ ಸ್ಟ್ರಿಂಗ್‌ಗೂ ಅದೇ ಎರರ್ ಬರುತ್ತದೆ, ಏಕೆಂದರೆ ಅಂತಹ ದೈತ್ಯ ಸಂಖ್ಯೆಗಳನ್ನು ಕಳುಹಿಸಿ ಪ್ರೋಗ್ರಾಂ ಅನ್ನು ಸ್ತಬ್ಧಗೊಳಿಸುವ ದಾರಿಯನ್ನು 2022ರಲ್ಲಿ ಮುಚ್ಚಲಾಯಿತು.

ಎರರ್ ಬಂದಾಗ ತೆರೆಯ ಮೇಲೆ ಬೀಳುವ ಸಾಲುಗಳ ರಾಶಿಯನ್ನು ಕೆಳಗಿನಿಂದ ಓದಲು ಆರಂಭಿಸಬೇಕು, ಏಕೆಂದರೆ ಎರರ್‌ನ ಹೆಸರು ಮತ್ತು ಅದರ ಕಾರಣ ಇರುವುದು ಕೊನೆಯ ಸಾಲಿನಲ್ಲಿ. ಅಲ್ಲಿ ವ್ಯಾಲ್ಯೂಎರರ್ ಎಂದಿದ್ದರೆ, ಬಂದದ್ದು ಸರಿಯಾದ ಜಾತಿಯ ವಸ್ತುವೇ ಆದರೂ ಅದರ ಒಳಗಿನ ಬೆಲೆ ಕೆಲಸಕ್ಕೆ ಬಾರದು ಎಂದರ್ಥ. ಇದಕ್ಕೆ ಸಾಮಾನ್ಯವಾಗಿ ಬಳಕೆದಾರರ ಉತ್ತರ ಕಾರಣ. ಟೈಪ್‌ಎರರ್ ಎಂದಿದ್ದರೆ, ಸ್ಟ್ರಿಂಗ್ ಅನ್ನು ಸಂಖ್ಯೆಯಾಗಿಸದೆ ಸಂಖ್ಯೆಯೊಂದಿಗೆ ಕೂಡಿದಂತಹ ತಪ್ಪು ಬಹುಮಟ್ಟಿಗೆ ಪ್ರೋಗ್ರಾಂ ಬರೆದವರದೇ. ಮೊದಲನೆಯದನ್ನು ಹಿಡಿದು ನಿಭಾಯಿಸಬೇಕು. ಎರಡನೆಯದನ್ನು ಹಿಡಿಯಬಾರದು, ಕೋಡ್ ತಿದ್ದಬೇಕು.

ಹಿಡಿಯುವ ಸಾಧನ ಟ್ರೈ ಮತ್ತು ಎಕ್ಸೆಪ್ಟ್: ಟ್ರೈ ಒಳಗಿನ ಸಾಲಿನಲ್ಲಿ ಹೆಸರಿಸಿದ ಎರರ್ ಬಂದರೆ ಪ್ರೋಗ್ರಾಂ ನಿಲ್ಲದೆ ಎಕ್ಸೆಪ್ಟ್ ಒಳಗಿನ ಸಾಲುಗಳಿಗೆ ಹೋಗುತ್ತದೆ. ಕೆಳಗಿನ ಮಾದರಿಯಲ್ಲಿ ಪೈಥಾನ್‌ನ ಪದಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ; ಟೈಪ್ ಮಾಡುವಾಗ ಅವುಗಳ ಇಂಗ್ಲಿಷ್ ಕಾಗುಣಿತವನ್ನೇ ಬಳಸಬೇಕು. ಅಂಕ, ಉತ್ತರ, ಪ್ರಶ್ನೆ ಎಂಬ ಹೆಸರುಗಳನ್ನು ಬೇಕಿದ್ದರೆ ಕನ್ನಡದಲ್ಲೇ ಉಳಿಸಿಕೊಳ್ಳಬಹುದು, ಪೈಥಾನ್ 3ಕ್ಕೆ ಅದರಿಂದ ಯಾವ ತಕರಾರೂ ಇಲ್ಲ.

ಡೆಫ್ ಅಂಕ_ಕೇಳು(ಪ್ರಶ್ನೆ):
    ವೈಲ್ ಟ್ರೂ:
        ಉತ್ತರ = ಇನ್‌ಪುಟ್(ಪ್ರಶ್ನೆ)
        ಟ್ರೈ:
            ಅಂಕ = ಇಂಟ್(ಉತ್ತರ)
        ಎಕ್ಸೆಪ್ಟ್ ವ್ಯಾಲ್ಯೂಎರರ್:
            ಪ್ರಿಂಟ್("ಅಂಕವನ್ನು 85 ಎಂಬಂತೆ ಪೂರ್ಣಾಂಕದಲ್ಲಿ ಬರೆಯಿರಿ.")
            ಕಂಟಿನ್ಯೂ
        ಇಫ್ 0 <= ಅಂಕ <= 100:
            ರಿಟರ್ನ್ ಅಂಕ
        ಪ್ರಿಂಟ್("ಅಂಕವು 0ರಿಂದ 100ರ ಒಳಗಿರಬೇಕು.")

ಈ ಫಂಕ್ಷನ್‌ನಿಂದ ಹೊರಬರುವ ದಾರಿ ಒಂದೇ, ಅದು ರಿಟರ್ನ್ ಇರುವ ಸಾಲು. ಆ ಸಾಲನ್ನು ತಲುಪಬೇಕಾದರೆ ಉತ್ತರವು ಸಂಖ್ಯೆಯಾಗಿರಬೇಕು ಮತ್ತು ಮಿತಿಯೊಳಗಿರಬೇಕು. ಆದ್ದರಿಂದ ಇದನ್ನು ಕರೆಯುವ ಉಳಿದ ಪ್ರೋಗ್ರಾಂ ತನಗೆ ಸಿಕ್ಕ ಅಂಕವನ್ನು ಮತ್ತೆ ಅನುಮಾನಿಸಬೇಕಾಗಿಲ್ಲ. ಪರೀಕ್ಷೆಗಳನ್ನು ಪ್ರೋಗ್ರಾಂ ತುಂಬ ಅಲ್ಲಲ್ಲಿ ಚೆಲ್ಲುವ ಬದಲು ಉತ್ತರ ಒಳಗೆ ಬರುವ ಜಾಗದಲ್ಲೇ ಎಲ್ಲವನ್ನೂ ಮುಗಿಸುವುದು ಈ ರಚನೆಯ ಉದ್ದೇಶ. ವಿಷಯಗಳ ಸಂಖ್ಯೆಯನ್ನು ಕೇಳುವಾಗಲೂ ಇಂತಹದೇ ಫಂಕ್ಷನ್ ಬೇಕು; ಅಲ್ಲಿ ಕನಿಷ್ಠ ಮಿತಿ 1 ಆಗಿರದಿದ್ದರೆ ಸರಾಸರಿ ತೆಗೆಯುವ ಹೊತ್ತಿಗೆ ಸೊನ್ನೆಯಿಂದ ಭಾಗಿಸಿದ ಎರರ್ ಬಂದು ಕೂರುತ್ತದೆ. ಕನಿಷ್ಠ, ಗರಿಷ್ಠ ಮಿತಿಗಳನ್ನು ಫಂಕ್ಷನ್‌ಗೆ ಆರ್ಗ್ಯುಮೆಂಟ್‌ಗಳಾಗಿ ಕೊಟ್ಟರೆ ಎರಡು ಕೆಲಸಕ್ಕೂ ಒಂದೇ ಫಂಕ್ಷನ್ ಸಾಕು.

ಟ್ರೈ ಒಳಗೆ ಒಂದೇ ಸಾಲು ಇರುವುದನ್ನು ಗಮನಿಸಬೇಕು. ಹೊಸಬರು ಇಡೀ ಪ್ರೋಗ್ರಾಂ ಅನ್ನು ಟ್ರೈ ಒಳಗೆ ತುಂಬುವುದುಂಟು. ಆಗ ಹತ್ತು ಸಾಲುಗಳ ಆಚೆ ಬೇರಾವುದೋ ಕಾರಣದಿಂದ ಹುಟ್ಟಿದ ವ್ಯಾಲ್ಯೂಎರರ್ ಕೂಡ ‘ಪೂರ್ಣಾಂಕದಲ್ಲಿ ಬರೆಯಿರಿ’ ಎಂಬ ಸಂದೇಶವನ್ನೇ ತೋರಿಸುತ್ತದೆ, ಮತ್ತು ಯಾವ ತಪ್ಪೂ ಮಾಡದ ಬಳಕೆದಾರರು ಅದೇ ಉತ್ತರವನ್ನು ಮತ್ತೆ ಮತ್ತೆ ಬರೆಯುತ್ತ ಕೂರಬೇಕಾಗುತ್ತದೆ. ಎಕ್ಸೆಪ್ಟ್ ಮುಂದೆ ಯಾವ ಎರರ್‌ನ ಹೆಸರನ್ನೂ ಬರೆಯದೆ ಬಿಡುವುದು ಇನ್ನೂ ಕೆಟ್ಟದ್ದು. ಅದು ಚರದ ಹೆಸರನ್ನು ತಪ್ಪಾಗಿ ಬರೆದಾಗ ಬರುವ ನೇಮ್‌ಎರರ್ ಅನ್ನು ನುಂಗುತ್ತದೆ. ಸಾಲದ್ದಕ್ಕೆ, ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಹುಟ್ಟುವ ಕೀಬೋರ್ಡ್‌ಇಂಟರಪ್ಟ್ ಅನ್ನೂ ನುಂಗುತ್ತದೆ. ವೈಲ್ ಟ್ರೂ ಲೂಪಿನ ಒಳಗೆ ಹೀಗೆ ಬರೆದರೆ ಪ್ರೋಗ್ರಾಂ ಅನ್ನು ನಿಲ್ಲಿಸಲು ಟರ್ಮಿನಲ್ ಕಿಟಕಿಯನ್ನೇ ಮುಚ್ಚಬೇಕಾಗುತ್ತದೆ.

ತಪ್ಪು ಉತ್ತರ ಬಂದಾಗ ಫಂಕ್ಷನ್ ತನ್ನನ್ನು ತಾನೇ ಮತ್ತೆ ಕರೆದುಕೊಳ್ಳುವಂತೆ ಬರೆಯುವ ಅಭ್ಯಾಸವೂ ಕೆಲವರಲ್ಲಿ ಇದೆ. ನೋಡಲು ಸೊಗಸಾಗಿದ್ದರೂ ಇಲ್ಲಿ ಅದು ಬೇಡ. ಹಾಗೆ ಕರೆಯುವ ಸಾಲಿನ ಹಿಂದೆ ರಿಟರ್ನ್ ಬರೆಯಲು ಮರೆತರೆ, ಎರಡನೆಯ ಸಲ ಕೊಟ್ಟ ಸರಿಯಾದ ಉತ್ತರ ಎಲ್ಲೋ ಕಳೆದುಹೋಗಿ ಕರೆದವರ ಕೈಗೆ ನನ್ ಎಂಬ, ‘ಏನೂ ಇಲ್ಲ’ ಎಂದು ಸೂಚಿಸುವ ಬೆಲೆ ಸಿಗುತ್ತದೆ. ಒಳಕರೆಗಳಿಗೆ ಸಾಮಾನ್ಯವಾಗಿ 1000ದ ಮಿತಿಯೂ ಇದೆ. ಲೂಪ್‌ಗೆ ಈ ಎರಡೂ ತೊಡಕುಗಳಿಲ್ಲ.

ದಶಮಾಂಶ ಅಂಕಗಳನ್ನು ಸ್ವೀಕರಿಸಬೇಕಾದಾಗ ಇಂಟ್ ಬದಲು ಫ್ಲೋಟ್ ಬಳಸುತ್ತೇವೆ, ಮತ್ತು ವಿಷಯ ಸೂಕ್ಷ್ಮವಾಗುವುದು ಇಲ್ಲಿಯೇ. ಚುಕ್ಕಿಯಿರುವ ಉತ್ತರವನ್ನು ಇಂಟ್ ಒಪ್ಪದಿರುವುದನ್ನು ಕಂಡು ಕೆಲವರು ಮೊದಲು ಫ್ಲೋಟ್ ಮಾಡಿ, ಬಂದದ್ದನ್ನು ಇಂಟ್‌ಗೆ ಕೊಡುತ್ತಾರೆ. ಎರರ್ ಹೋಗುತ್ತದೆ ನಿಜ, ಆದರೆ 84.9 ಎಂಬುದು 84 ಆಗುತ್ತದೆ, ಏಕೆಂದರೆ ಇಂಟ್ ಸಮೀಪದ ಸಂಖ್ಯೆಗೆ ಹೊಂದಿಸುವುದಿಲ್ಲ, ಚುಕ್ಕಿಯ ಮುಂದಿನದ್ದನ್ನು ಕತ್ತರಿಸುತ್ತದೆ. ಇದಲ್ಲದೆ ಫ್ಲೋಟ್ ಒಪ್ಪುವ ಕೆಲವು ಸ್ಟ್ರಿಂಗ್‌ಗಳು ಸಂಖ್ಯೆಯಂತೆ ಕಾಣುವುದೇ ಇಲ್ಲ: ‘ಇನ್ಫ್’ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಅನಂತವನ್ನು ಕೊಡುತ್ತವೆ, ಅದನ್ನು ಇಂಟ್‌ಗೆ ಕಳುಹಿಸಿದರೆ ವ್ಯಾಲ್ಯೂಎರರ್ ಬದಲು ಓವರ್‌ಫ್ಲೋಎರರ್ ಬರುತ್ತದೆ, ನಮ್ಮ ಎಕ್ಸೆಪ್ಟ್ ಅದನ್ನು ಹಿಡಿಯುವುದಿಲ್ಲ. ‘ನ್ಯಾನ್’ ಎಂಬ ಇನ್ನು ಮೂರು ಅಕ್ಷರಗಳು ‘ಸಂಖ್ಯೆಯಲ್ಲ’ ಎಂಬ ವಿಚಿತ್ರ ಬೆಲೆಯನ್ನು ಕೊಡುತ್ತವೆ. ಈ ಬೆಲೆ ಯಾವ ಸಂಖ್ಯೆಗಿಂತಲೂ ದೊಡ್ಡದಲ್ಲ, ಚಿಕ್ಕದಲ್ಲ, ತನಗೆ ತಾನೂ ಸಮವಲ್ಲ. ಹೀಗಾಗಿ ‘ಅಂಕ 0ಗಿಂತ ಕಡಿಮೆಯಿದ್ದರೆ ಅಥವಾ 100ಕ್ಕಿಂತ ಹೆಚ್ಚಿದ್ದರೆ ತಿರಸ್ಕರಿಸು’ ಎಂದು ಬರೆದ ಪರೀಕ್ಷೆಯನ್ನು ಅದು ಸಲೀಸಾಗಿ ದಾಟಿ ಒಳಬಂದು, ಇಡೀ ಸರಾಸರಿಯನ್ನು ಕೆಡಿಸುತ್ತದೆ. ಮೇಲಿನ ಮಾದರಿಯಲ್ಲಿರುವಂತೆ ‘0 ಮತ್ತು 100ರ ನಡುವೆ ಇದ್ದರೆ ಮಾತ್ರ ಸ್ವೀಕರಿಸು’ ಎಂದು ಬರೆದಾಗ ಹೋಲಿಕೆ ಸುಳ್ಳಾಗಿ ಅದು ಹೊರಗೇ ಉಳಿಯುತ್ತದೆ. ಕೆಟ್ಟದ್ದನ್ನು ಪಟ್ಟಿಮಾಡಿ ತಡೆಯುವುದಕ್ಕಿಂತ ಒಳ್ಳೆಯದನ್ನು ವಿವರಿಸಿ ಅದನ್ನಷ್ಟೇ ಬಿಡುವ ಪರೀಕ್ಷೆಗಳನ್ನು ಬರೆಯಬೇಕು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾರಣ ಬೇಕಿಲ್ಲ.

ಎರರ್ ಹಿಡಿಯುವ ಬದಲು ಮೊದಲೇ ಇಸ್‌ಡಿಜಿಟ್ ಎಂಬ ಮೆಥಡ್‌ನಿಂದ ಪರೀಕ್ಷಿಸುವ ದಾರಿಯನ್ನು ಅನೇಕರು ಸೂಚಿಸುತ್ತಾರೆ. ಅದಕ್ಕೆ ಎರಡು ಕೊರತೆಗಳಿವೆ: ಕಳೆ ಚಿಹ್ನೆಯಿರುವ ಸರಿಯಾದ ಸಂಖ್ಯೆಯನ್ನು ಅದು ತಿರಸ್ಕರಿಸುತ್ತದೆ, ಮತ್ತು ವರ್ಗದ ಚಿಹ್ನೆಯಾಗಿ ಮೇಲೆ ಬರೆಯುವ ಪುಟ್ಟ 2ರಂತಹ ಅಕ್ಷರಗಳನ್ನು ಅಂಕಿಯೆಂದು ಒಪ್ಪುತ್ತದೆ, ಇಂಟ್ ಅವನ್ನು ಒಪ್ಪದು. ಇಸ್‌ಡೆಸಿಮಲ್ ಎರಡನೆಯ ಕೊರತೆಯನ್ನು ನೀಗುತ್ತದೆ, ಮೊದಲನೆಯದು ಉಳಿಯುತ್ತದೆ. ಉತ್ತರವನ್ನು ಪರಿವರ್ತಿಸಬಲ್ಲದೋ ಇಲ್ಲವೋ ಎಂಬುದನ್ನು ಪರಿವರ್ತಿಸುವ ಇಂಟ್‌ಗೇ ಬಿಡುವುದು ಪೈಥಾನ್ ಬಳಗದ ರೂಢಿ, ಮತ್ತು ಇಲ್ಲಿ ಆ ರೂಢಿಯೇ ಸರಿ.

ಮೆನುವಿನಿಂದ ಆಯ್ಕೆ ಮಾಡಿಸುವ ಪ್ರೋಗ್ರಾಂಗಳಲ್ಲಿ ಬೇರೊಂದು ಗುಪ್ತ ಕುಳಿ ಇದೆ. ಪಟ್ಟಿಯನ್ನು 1ರಿಂದ ಎಣಿಸಿ ತೋರಿಸಿ, ಬಂದ ಸಂಖ್ಯೆಯಿಂದ 1 ಕಳೆದು ಲಿಸ್ಟ್‌ನ ಇಂಡೆಕ್ಸ್ ಆಗಿ ಬಳಸುವುದು ವಾಡಿಕೆ. ಪಟ್ಟಿಯಲ್ಲಿ ನಾಲ್ಕು ಆಯ್ಕೆಗಳಿದ್ದು ಬಳಕೆದಾರರು 9 ಒತ್ತಿದರೆ ಇಂಡೆಕ್ಸ್‌ಎರರ್ ಬರುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ. ಆದರೆ 0 ಒತ್ತಿದರೆ ಇಂಡೆಕ್ಸ್ -1 ಆಗುತ್ತದೆ. ಪೈಥಾನ್‌ನಲ್ಲಿ -1 ಎಂದರೆ ಕೊನೆಯ ಸದಸ್ಯ. ಕೊನೆಯ ಆಯ್ಕೆ ‘ಎಲ್ಲವನ್ನೂ ಅಳಿಸು’ ಎಂದಿದ್ದರೆ, ಯಾರೂ ಕೇಳದಿದ್ದರೂ ಅದು ನಡೆದುಹೋಗುತ್ತದೆ. ಇಲ್ಲಿ ಇಂಡೆಕ್ಸ್‌ಎರರ್ ಹಿಡಿಯುವುದನ್ನು ನಂಬಿಕೊಳ್ಳದೆ ಮಿತಿಯನ್ನು ನಾವೇ ಪರೀಕ್ಷಿಸಬೇಕು. ಅದಕ್ಕಿಂತ ಸರಳವಾದ ದಾರಿ ಡಿಕ್ಷನರಿ: ‘1’, ‘2’ ಎಂಬ ಸ್ಟ್ರಿಂಗ್‌ಗಳನ್ನೇ ಕೀಲಿಗಳಾಗಿಟ್ಟು, ಬಂದ ಉತ್ತರ ಡಿಕ್ಷನರಿಯಲ್ಲಿ ಇದೆಯೇ ಎಂದು ನೋಡಿದರೆ ಸಂಖ್ಯೆಯಾಗಿಸುವ ಅಗತ್ಯವೇ ಬೀಳುವುದಿಲ್ಲ.

ಹೌದು ಅಥವಾ ಇಲ್ಲ ಎಂಬ ಪ್ರಶ್ನೆಗೆ, ಬೆಲೆಯನ್ನು ಸತ್ಯ ಅಥವಾ ಸುಳ್ಳಾಗಿಸುವ ಬೂಲ್ ಬಳಸಬಾರದು. ಖಾಲಿಯಲ್ಲದ ಯಾವುದೇ ಸ್ಟ್ರಿಂಗ್ ಅದಕ್ಕೆ ಸತ್ಯವೇ, ‘ಇಲ್ಲ’ ಎಂಬುದೂ. ಉತ್ತರವನ್ನು ಸ್ಟ್ರಿಪ್‌ನಿಂದ ಹಿಂದುಮುಂದಿನ ಖಾಲಿ ಜಾಗ ತೆಗೆದು, ಇಂಗ್ಲಿಷ್ ಅಕ್ಷರಗಳನ್ನು ಲೋವರ್‌ನಿಂದ ಸಣ್ಣಕ್ಷರಗಳಾಗಿಸಿ, ಒಪ್ಪಬಹುದಾದ ಉತ್ತರಗಳ ಒಂದು ಚಿಕ್ಕ ಗುಂಪಿನೊಂದಿಗೆ ಹೋಲಿಸಿದರೆ ಸಾಕು. ಗುಂಪಿನಲ್ಲಿಲ್ಲದ ಉತ್ತರವನ್ನು ‘ಇಲ್ಲ’ ಎಂದು ಊಹಿಸದೆ ಮತ್ತೆ ಕೇಳಬೇಕು.

ಹೆಸರು ಕೇಳುವಾಗ ಅಕ್ಷರಗಳಷ್ಟೇ ಇರಲಿ ಎಂದು ಇಸ್‌ಆಲ್ಫಾ ಬಳಸುವ ಪಾಠಗಳು ಹೇರಳವಾಗಿವೆ, ಮತ್ತು ಕನ್ನಡಕ್ಕೆ ಬಂದಾಗ ಅವು ದಾರಿತಪ್ಪಿಸುತ್ತವೆ. ಯೂನಿಕೋಡ್‌ನಲ್ಲಿ ಕನ್ನಡದ ಸ್ವರಚಿಹ್ನೆಗಳು, ಹಲಂತ, ಅನುಸ್ವಾರ ಇವು ಅಕ್ಷರವರ್ಗಕ್ಕೆ ಸೇರಿಲ್ಲ, ಅಕ್ಷರಕ್ಕೆ ಅಂಟುವ ಚಿಹ್ನೆಗಳ ವರ್ಗಕ್ಕೆ ಸೇರಿವೆ. ಆದ್ದರಿಂದ ‘ಕಮಲ’ ಎಂಬುದಕ್ಕೆ ಇಸ್‌ಆಲ್ಫಾ ‘ನಿಜ’ ಎನ್ನುತ್ತದೆ, ‘ಕಮಲಾ’ ಎಂದು ದೀರ್ಘ ಬಂದೊಡನೆ ‘ಸುಳ್ಳು’ ಎನ್ನುತ್ತದೆ. ಹೆಸರಿನ ವಿಷಯದಲ್ಲಿ ಖಾಲಿ ಇಲ್ಲದಿರುವುದನ್ನೂ ಉದ್ದ ಒಂದು ಮಿತಿಯೊಳಗಿರುವುದನ್ನೂ ನೋಡಿದರೆ ಸಾಕು. ಅದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆಯು ಯಾರದಾದರೂ ನಿಜವಾದ ಹೆಸರನ್ನು ತಪ್ಪೆನ್ನುವ ಸಾಧ್ಯತೆಯೇ ಹೆಚ್ಚು. ಕನ್ನಡ ಪದಗಳನ್ನು ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು: ಅಕ್ಷರಗಳು ಕೂಡಿಕೊಳ್ಳದಂತೆ ತಡೆಯಲು ಹಾಕುವ ಅಗೋಚರ ಚಿಹ್ನೆಯನ್ನು ಯೂನಿಕೋಡ್ ಖಾಲಿ ಜಾಗವೆಂದು ಪರಿಗಣಿಸದಿರುವುದರಿಂದ, ಪದದ ಕೊನೆಯಲ್ಲಿ ಅದು ಉಳಿದಿದ್ದರೆ ಸ್ಟ್ರಿಪ್ ತೆಗೆಯುವುದಿಲ್ಲ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪದಗಳು ಪೈಥಾನ್‌ಗೆ ಬೇರೆಯಾಗಿ ಕಂಡರೆ ಮೊದಲು ಎರಡರ ಉದ್ದವನ್ನು ಲೆನ್‌ನಿಂದ ನೋಡಬೇಕು.

ದಿನಾಂಕಗಳಿಗೆ ಸ್ವಂತ ಪರೀಕ್ಷೆ ಬರೆಯುವ ಗೋಜಿಗೆ ಹೋಗದಿರುವುದು ಲೇಸು. ಡೇಟ್‌ಟೈಮ್ ಮಾಡ್ಯೂಲಿನ ಡೇಟ್‌ಗೆ ವರ್ಷ, ತಿಂಗಳು, ದಿನ ಕೊಟ್ಟರೆ 2023ರ ಫೆಬ್ರವರಿ 29ರಂತಹ ಇಲ್ಲದ ದಿನಕ್ಕೆ ಅದೇ ವ್ಯಾಲ್ಯೂಎರರ್ ಎಬ್ಬಿಸುತ್ತದೆ, 2024ರ ಫೆಬ್ರವರಿ 29 ಅನ್ನು ಸರಿಯಾಗಿ ಒಪ್ಪುತ್ತದೆ.

ಸಂದೇಶಗಳ ಬಗ್ಗೆ ಎರಡು ಮಾತು. ‘ತಪ್ಪು ಇನ್‌ಪುಟ್’ ಎಂದಷ್ಟೇ ಹೇಳುವ ಸಂದೇಶದಿಂದ ಬಳಕೆದಾರರಿಗೆ ಯಾವ ಉಪಯೋಗವೂ ಇಲ್ಲ. ಏನು ಬೇಕಿತ್ತು, ಅದನ್ನು ಯಾವ ರೂಪದಲ್ಲಿ ಬರೆಯಬೇಕು ಎಂಬುದನ್ನು ಒಂದು ಉದಾಹರಣೆಯೊಂದಿಗೆ ಹೇಳಬೇಕು. ಸಾಧ್ಯವಾದರೆ ಆ ಮಾಹಿತಿ ಪ್ರಶ್ನೆಯಲ್ಲಿಯೇ ಇರಬೇಕು, ಏಕೆಂದರೆ ‘ಅಂಕ (0ರಿಂದ 100):’ ಎಂಬ ಪ್ರಶ್ನೆ ಅರ್ಧದಷ್ಟು ತಪ್ಪುಗಳನ್ನು ಹುಟ್ಟುವ ಮೊದಲೇ ತಡೆಯಬಲ್ಲದು. ಮಾದರಿಯಲ್ಲಿ ರೂಪದ ತಪ್ಪಿಗೂ ಮಿತಿಯ ತಪ್ಪಿಗೂ ಬೇರೆ ಬೇರೆ ಸಂದೇಶ ಇಟ್ಟಿರುವುದೂ ಇದಕ್ಕಾಗಿಯೇ. ಇಂಟ್ ತಾನಾಗಿ ಕೊಡುವ ಇಂಗ್ಲಿಷ್ ವಿವರಣೆಯನ್ನು ಹಾಗೆಯೇ ತೋರಿಸುವುದು ಪ್ರೋಗ್ರಾಂ ಬರೆದವರಿಗೆ ಸಹಾಯವಾದೀತು, ಬಳಸುವವರಿಗೆ ಆಗದು.

ಉತ್ತರ ಸರಿಯಾಗುವವರೆಗೂ ಬಿಡದೆ ಕೇಳುವ ಲೂಪ್‌ನಿಂದ ಹೊರಹೋಗಲು ಬಳಕೆದಾರರಿಗೆ ಒಂದು ದಾರಿ ಇರಲೇಬೇಕು. ಖಾಲಿ ಎಂಟರ್ ಒತ್ತಿದರೆ ಮುಗಿಯಿತೆಂದು ತಿಳಿದು ನನ್ ಹಿಂದಿರುಗಿಸುವುದು ಸರಳ ಏರ್ಪಾಡು. ಆದರೆ ಅದನ್ನು ಕರೆಯುವ ಕಡೆ ‘ಅಂಕ ಇಲ್ಲದಿದ್ದರೆ’ ಎಂಬರ್ಥದಲ್ಲಿ ‘ಇಫ್ ನಾಟ್ ಅಂಕ’ ಎಂದು ಬರೆದರೆ, ಸೊನ್ನೆ ಅಂಕ ಪಡೆದವರ ಉತ್ತರವೂ ಪಟ್ಟಿ ಮುಗಿದ ಸೂಚನೆಯಾಗಿಬಿಡುತ್ತದೆ, ಏಕೆಂದರೆ ಪೈಥಾನ್‌ಗೆ 0 ಕೂಡ ಸುಳ್ಳಿಗೆ ಸಮಾನ. ‘ಇಫ್ ಅಂಕ ಈಸ್ ನನ್’ ಎಂದು ಸ್ಪಷ್ಟವಾಗಿ ಬರೆಯಬೇಕು. ಕೀಬೋರ್ಡ್ ಬದಲು ಫೈಲಿನಿಂದ ಉತ್ತರಗಳು ಬರುತ್ತಿದ್ದು ಅವು ಮುಗಿದುಹೋದರೆ, ಅಥವಾ ಲಿನಕ್ಸ್‌ನಲ್ಲಿ ಕಂಟ್ರೋಲ್ ಮತ್ತು ಡಿ ಒತ್ತಿದರೆ, ಇನ್‌ಪುಟ್ ಫಂಕ್ಷನ್ ಇಒಎಫ್‌ಎರರ್ ಎಬ್ಬಿಸುತ್ತದೆ. ಅಲ್ಲಿ ಮತ್ತೆ ಕೇಳುವುದರಲ್ಲಿ ಅರ್ಥವಿಲ್ಲ; ಉತ್ತರ ಕೊಡುವವರು ಎದ್ದುಹೋಗಿದ್ದಾರೆ, ಪ್ರೋಗ್ರಾಂ ಮರ್ಯಾದೆಯಿಂದ ಮುಗಿಯಬೇಕು.

ಬರೆದದ್ದನ್ನು ಪರೀಕ್ಷಿಸುವಾಗ ಪ್ರತಿ ಸಲ ಕೈಯಾರೆ ಟೈಪ್ ಮಾಡುವುದು ಬೇಸರದ ಕೆಲಸ, ಅದಕ್ಕಾಗಿಯೇ ಅದು ನಡೆಯುವುದಿಲ್ಲ. ಕೇಳುವ ಕೆಲಸವನ್ನೂ ಪರಿಶೀಲಿಸುವ ಕೆಲಸವನ್ನೂ ಎರಡು ಫಂಕ್ಷನ್‌ಗಳಾಗಿ ಬೇರ್ಪಡಿಸಿದರೆ ಈ ತೊಂದರೆ ನೀಗುತ್ತದೆ. ಪರಿಶೀಲಿಸುವ ಫಂಕ್ಷನ್ ಒಂದು ಸ್ಟ್ರಿಂಗ್ ತೆಗೆದುಕೊಂಡು ಅಂಕವನ್ನು ಹಿಂದಿರುಗಿಸಲಿ, ಮಿತಿ ಮೀರಿದರೆ ರೇಸ್ ಬಳಸಿ ತಾನೇ ವ್ಯಾಲ್ಯೂಎರರ್ ಎಬ್ಬಿಸಲಿ. ಕೇಳುವ ಫಂಕ್ಷನ್ ಅದನ್ನು ಹಿಡಿದು ಮತ್ತೆ ಕೇಳಲಿ. ಆಗ ಪರಿಶೀಲಿಸುವ ಫಂಕ್ಷನ್‌ಗೆ ಕೀಬೋರ್ಡ್ ಬೇಕಿಲ್ಲ, ಹೇಳಿದ್ದು ನಿಜವಲ್ಲದಿದ್ದರೆ ಎರರ್ ಎಬ್ಬಿಸುವ ಅಸರ್ಟ್ ಸಾಲುಗಳಿಂದ ಕ್ಷಣದಲ್ಲಿ ಪರೀಕ್ಷಿಸಬಹುದು. ಕೊಡಬೇಕಾದ ಉತ್ತರಗಳಲ್ಲಿ ಮಿತಿಯ ಅಂಚಿನವು ಮುಖ್ಯ: 0 ಮತ್ತು 100 ಒಳಗೆ ಬರಬೇಕು, -1 ಮತ್ತು 101 ಹೊರಗುಳಿಯಬೇಕು. ಅವುಗಳ ಜೊತೆಗೆ ಖಾಲಿ ಸ್ಟ್ರಿಂಗ್, ಖಾಲಿ ಜಾಗಗಳಷ್ಟೇ ಇರುವ ಸ್ಟ್ರಿಂಗ್, ‘84.5’, ‘1,000’, ‘ಎಂಬತ್ತೈದು’ ಇವನ್ನು ತಿರಸ್ಕರಿಸುವುದನ್ನೂ, ‘ 85 ’ ಮತ್ತು ‘೮೫’ ಎರಡನ್ನೂ 85 ಎಂದು ಓದುವುದನ್ನೂ ನೋಡಿಕೊಳ್ಳಬೇಕು. ಮುಂದೊಂದು ದಿನ ಇಂಟ್ ಬದಲಿಸಿ ಫ್ಲೋಟ್ ಹಾಕುವವರು ಈ ಪಟ್ಟಿಯಲ್ಲಿ ‘84.5’ ಅನ್ನು ತಿರಸ್ಕೃತರ ಕಡೆಯಿಂದ ಸ್ವೀಕೃತರ ಕಡೆಗೆ ಸರಿಸಿ, ಆ ಮೂರಕ್ಷರದ ‘ನ್ಯಾನ್’ ಅನ್ನು ಹೊಸದಾಗಿ ತಿರಸ್ಕೃತರ ಸಾಲಿಗೆ ಸೇರಿಸಬೇಕು.